ಚಟದ ಚರಿತ್ರೆ: ಗಸಗಸೆ ಹೊಲದಿಂದ ಮಿದುಳಿನವರೆಗೆ

ಶಾಲೆಯ ಸುವರ್ಣ ಮಹೋತ್ಸವ ಸಂಚಿಕೆಗೆ ಲೇಖನ ಕಳಿಸಬೇಕೆಂದು ಹಳೆಯ ವಿದ್ಯಾರ್ಥಿಗಳ ಸಂಘದವರು ಕೇಳಿದರು. ಗುರುಗಳ ಬಗ್ಗೆ, ಆಟದ ಮೈದಾನದ ಬಗ್ಗೆ ನನಗಿಂತ ಚೆನ್ನಾಗಿ ಬರೆಯುವವರು ಬಹಳ ಮಂದಿ ಇದ್ದಾರೆ. ಹಾಗಾಗಿ ಈಗ ಇಲ್ಲಿ ಓದುತ್ತಿರುವ ಮಕ್ಕಳಿಗೂ ಅವರ ಮನೆಯವರಿಗೂ ಉಪಯೋಗವಾಗುವ ಒಂದು ಚರಿತ್ರೆಯನ್ನು ಬರೆಯೋಣ ಎನಿಸಿತು. ಇದು ರಾಜರ ಚರಿತ್ರೆಯಲ್ಲ, ಚಟದ ಚರಿತ್ರೆ.

ನಾನು ವೈದ್ಯನಲ್ಲ, ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸ ಮಾಡುತ್ತಿರುವವನು. ಆದರೂ ಈ ವಿಷಯ ಆರಿಸಿಕೊಳ್ಳಲು ಕಾರಣವಿದೆ. ನಮ್ಮ ಬ್ಯಾಚಿನ ಇಬ್ಬರು ಈ ಸಮಾರಂಭಕ್ಕೆ ಬರುವುದಿಲ್ಲ. ಇಬ್ಬರೂ ನಲವತ್ತು ತುಂಬುವ ಮೊದಲೇ ಕುಡಿತದಿಂದ ತೀರಿಕೊಂಡರು. ಅವರಲ್ಲೊಬ್ಬ ಲೆಕ್ಕದಲ್ಲಿ ಇಡೀ ತರಗತಿಗೆ ಮುಂದಿದ್ದವನು. "ಅವನಿಗೆ ಮನಸ್ಸು ಗಟ್ಟಿ ಇರಲಿಲ್ಲ" ಎಂದು ಊರಿನಲ್ಲಿ ಹೇಳಿ ಮಾತು ಮುಗಿಸುತ್ತಾರೆ. ಈ ಮಾತು ಎಷ್ಟು ನಿಜ? ಮನುಷ್ಯರು ಈ ಪ್ರಶ್ನೆಯನ್ನು ಸಾವಿರಾರು ವರ್ಷಗಳಿಂದ ಕೇಳುತ್ತಿದ್ದಾರೆ. ಉತ್ತರದ ದೊಡ್ಡ ಭಾಗ ಸಿಕ್ಕಿದ್ದು ಮಾತ್ರ ಕಳೆದ ಎಪ್ಪತ್ತು ವರ್ಷಗಳಲ್ಲಿ.

ದಾಳದ ದುಃಖ

ಚಟದ ಬಗ್ಗೆ ನಮ್ಮ ದೇಶದಲ್ಲಿ ಸಿಗುವ ಅತಿ ಹಳೆಯ ಮಾತು ಋಗ್ವೇದದ ಹತ್ತನೆಯ ಮಂಡಲದಲ್ಲಿದೆ. ಅದನ್ನು ಅಕ್ಷಸೂಕ್ತ ಎನ್ನುತ್ತಾರೆ. ಅಕ್ಷ ಎಂದರೆ ದಾಳ. ಜೂಜಿನಲ್ಲಿ ಎಲ್ಲವನ್ನೂ ಕಳೆದುಕೊಂಡವನೊಬ್ಬ ಅಲ್ಲಿ ತನ್ನ ಕಷ್ಟ ತೋಡಿಕೊಳ್ಳುತ್ತಾನೆ. ಹೆಂಡತಿ ದೂರವಾಗಿದ್ದಾಳೆ, ಮನೆಯವರು ಇವನು ಯಾರೋ ಎನ್ನುತ್ತಾರೆ, ಇನ್ನು ಆಡುವುದಿಲ್ಲ ಎಂದು ನಿಶ್ಚಯಿಸುತ್ತಾನೆ, ದಾಳ ಉರುಳುವ ಸದ್ದು ಕೇಳಿದೊಡನೆ ಮತ್ತೆ ಅಲ್ಲಿಗೇ ಹೋಗುತ್ತಾನೆ. ಮಹಾಭಾರತದ ಧರ್ಮರಾಯನ ಕಥೆ ನಮಗೆಲ್ಲ ಗೊತ್ತೇ ಇದೆ. ನಮ್ಮ ಹಿರಿಯರು ಜೂಜು, ಕುಡಿತ ಮುಂತಾದವುಗಳನ್ನು ಸೇರಿಸಿ ಸಪ್ತ ವ್ಯಸನ ಎಂದು ಪಟ್ಟಿ ಮಾಡಿದರು.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ದಾಳದಲ್ಲಿ ಅಮಲು ಬರಿಸುವ ಯಾವ ಪದಾರ್ಥವೂ ಇಲ್ಲ. ಆದರೂ ಅದು ಹೆಂಡದಷ್ಟೇ ಬಲವಾಗಿ ಹಿಡಿಯುತ್ತದೆ ಎಂಬುದನ್ನು ಹಳಬರು ಕಂಡಿದ್ದರು. ಯಾಕೆ ಎಂಬುದಕ್ಕೆ ಅವರ ಬಳಿ ಇದ್ದ ಉತ್ತರ ವಿಧಿ, ಕಲಿ, ಪಾಪ. ಬೇರೆ ಉತ್ತರ ಹುಡುಕಲು ಬೇಕಾದ ಉಪಕರಣಗಳು ಆಗ ಇರಲಿಲ್ಲ.

ಕಂಪನಿಯ ಅಫೀಮು

ಹಬ್ಬದ ದಿನ ನಾವು ಪಾಯಸ ಮಾಡುವ ಗಸಗಸೆಯ ಗಿಡವೇ ಅಫೀಮಿನ ಗಿಡ. ಕಾಯಿ ಇನ್ನೂ ಹಸಿಯಾಗಿರುವಾಗ ಅದರ ಮೇಲೆ ಗೀರು ಹಾಕಿದರೆ ಹಾಲು ಒಸರುತ್ತದೆ. ಅದು ಒಣಗಿ ಕಂದು ಬಣ್ಣದ ಅಂಟಾದರೆ ಅಫೀಮು. ಬೀಜದಲ್ಲಿ ಅಮಲಿಲ್ಲ, ಹಾಲಿನಲ್ಲಿದೆ. ನೋವಿಗೂ ಭೇದಿಗೂ ಇದನ್ನು ಬಹಳ ಹಿಂದಿನಿಂದ ಔಷಧಿಯಾಗಿ ಕೊಡುತ್ತಿದ್ದರು.

ಔಷಧಿಯಾಗಿದ್ದದ್ದನ್ನು ಸರ್ಕಾರಿ ವ್ಯಾಪಾರ ಮಾಡಿದ್ದು ಈಸ್ಟ್ ಇಂಡಿಯಾ ಕಂಪನಿ. 1773ರಲ್ಲಿ ವಾರನ್ ಹೇಸ್ಟಿಂಗ್ಸ್ ಕಾಲದಲ್ಲಿ ಬಂಗಾಳದ ಅಫೀಮು ಕಂಪನಿಯ ಏಕಸ್ವಾಮ್ಯಕ್ಕೆ ಬಂತು. ಬಿಹಾರ ಮತ್ತು ಬನಾರಸ್ ಕಡೆಯ ರೈತರಿಗೆ ಮುಂಗಡ ಕೊಟ್ಟು ಬೆಳೆಸುತ್ತಿದ್ದರು, ಬೆಲೆಯನ್ನು ಕಂಪನಿಯೇ ಗೊತ್ತುಮಾಡುತ್ತಿತ್ತು, ಬೆಳೆದದ್ದನ್ನೆಲ್ಲ ಅದಕ್ಕೇ ಒಪ್ಪಿಸಬೇಕಿತ್ತು. ಚೀನಾದಿಂದ ಚಹಾ ಕೊಳ್ಳಲು ಬ್ರಿಟಿಷರಿಗೆ ಬೆಳ್ಳಿ ಬೇಕಾಗಿತ್ತು. ಆ ಬೆಳ್ಳಿಯನ್ನು ಗಳಿಸಲು ಅಫೀಮನ್ನು ಚೀನಾಕ್ಕೆ ಸಾಗಿಸಿದರು. ಅಲ್ಲಿ ಅದು ನಿಷಿದ್ಧವಾಗಿದ್ದರಿಂದ ಕಂಪನಿ ಕಲ್ಕತ್ತೆಯಲ್ಲಿ ಹರಾಜು ಹಾಕಿ ಕೈತೊಳೆದುಕೊಳ್ಳುತ್ತಿತ್ತು. ಮುಂದಿನ ಕಳ್ಳಸಾಗಣೆ ಖಾಸಗಿ ವ್ಯಾಪಾರಿಗಳದ್ದು.

1839ರಲ್ಲಿ ಲಿನ್ ಜೆಕ್ಸು ಎಂಬ ಚೀನೀ ಅಧಿಕಾರಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಪೆಟ್ಟಿಗೆ ಅಫೀಮನ್ನು ವಶಪಡಿಸಿಕೊಂಡು ನಾಶಮಾಡಿದ. ವಿಕ್ಟೋರಿಯಾ ರಾಣಿಗೆ ಪತ್ರವನ್ನೂ ಬರೆದ. ನಿಮ್ಮವರಿಗೆ ಕೇಡು ಎಂದು ಗೊತ್ತಿರುವುದನ್ನು ನಮ್ಮವರಿಗೆ ಏಕೆ ಮಾರುತ್ತೀರಿ ಎಂಬುದು ಅದರ ತಿರುಳು. ಉತ್ತರವಾಗಿ ಯುದ್ಧನೌಕೆಗಳು ಬಂದವು. 1842ರಲ್ಲಿ ಸೋತ ಚೀನಾ ಹಾಂಗ್‌ಕಾಂಗ್ ಅನ್ನು ಬಿಟ್ಟುಕೊಟ್ಟಿತು. 1856ರಿಂದ 1860ರವರೆಗೆ ಇನ್ನೊಂದು ಯುದ್ಧ ನಡೆಯಿತು. 1893ರಲ್ಲಿ ಬ್ರಿಟಿಷ್ ಸರ್ಕಾರ ನೇಮಿಸಿದ ಅಫೀಮು ಆಯೋಗ ಎರಡು ವರ್ಷ ವಿಚಾರಣೆ ಮಾಡಿ, ಭಾರತದಲ್ಲಿ ನಿಷೇಧದ ಅಗತ್ಯವಿಲ್ಲ ಎಂದಿತು. ಬೊಕ್ಕಸಕ್ಕೆ ಬರುವ ಆದಾಯ ಸಣ್ಣದಾಗಿರಲಿಲ್ಲ. 1820ರಲ್ಲಿ ಆರಂಭವಾದ ಗಾಜೀಪುರದ ಅಫೀಮು ಕಾರ್ಖಾನೆ ಇಂದಿಗೂ ಇದೆ. ಈಗ ಅದು ಔಷಧಿಗಾಗಿ ಕೆಲಸ ಮಾಡುತ್ತದೆ.

ಚಟವೆಂದರೆ ಒಬ್ಬನ ಮನಸ್ಸಿನ ದೌರ್ಬಲ್ಯ ಮಾತ್ರ ಎನ್ನುವವರು ಈ ಪುಟವನ್ನು ಓದಬೇಕು. ಲಕ್ಷಾಂತರ ಜನರ ಚಟದ ಹಿಂದೆ ಲೆಕ್ಕದ ಪುಸ್ತಕ, ಹರಾಜು ಕಟ್ಟೆ, ಹಡಗು, ಫಿರಂಗಿ ಎಲ್ಲವೂ ಇದ್ದವು.

ಔಷಧಿಯ ವೇಷದಲ್ಲಿ

ಅದೇ ಕಾಲದಲ್ಲಿ ಯುರೋಪಿನಲ್ಲಿ ಇನ್ನೊಂದು ಕಥೆ ನಡೆಯಿತು. 1805ರ ಸುಮಾರಿಗೆ ಜರ್ಮನಿಯ ಔಷಧಿ ಅಂಗಡಿಯೊಂದರಲ್ಲಿ ಸಹಾಯಕನಾಗಿದ್ದ ಸೆರ್ಟುರ್ನರ್ ಎಂಬ ತರುಣ ಅಫೀಮಿನಿಂದ ಅದರ ಮುಖ್ಯ ಸಾರವನ್ನು ಬೇರ್ಪಡಿಸಿದ. ಗ್ರೀಕರ ಕನಸಿನ ದೇವತೆ ಮಾರ್ಫಿಯಸ್‌ನ ಹೆಸರಿನಿಂದ ಅದು ಮಾರ್ಫಿನ್ ಆಯಿತು. 1853ರಲ್ಲಿ ಚುಚ್ಚುಮದ್ದಿನ ಸಿರಿಂಜ್ ಬಂದಾಗ ಮಾರ್ಫಿನ್ ನೇರವಾಗಿ ಮೈಗೆ ಸೇರತೊಡಗಿತು. ನುಂಗಿದರೆ ಮಾತ್ರ ಚಟ, ಚುಚ್ಚಿಕೊಂಡರೆ ಆಗುವುದಿಲ್ಲ ಎಂದು ನಂಬಿದ್ದ ವೈದ್ಯರೂ ಆಗ ಇದ್ದರು.

1884ರಲ್ಲಿ ಸಿಗ್ಮಂಡ್ ಫ್ರಾಯ್ಡ್ ಕೊಕೇನನ್ನು ಹೊಗಳಿ ಪ್ರಬಂಧ ಬರೆದ. ಮಾರ್ಫಿನ್ ಚಟಕ್ಕೆ ಬಿದ್ದಿದ್ದ ತನ್ನ ಗೆಳೆಯ ಫ್ಲೈಶ್ಲ್ ಎಂಬ ವಿಜ್ಞಾನಿಗೆ ಅದನ್ನೇ ಮದ್ದಾಗಿ ಕೊಟ್ಟ. ಆತನಿಗೆ ಎರಡು ಚಟಗಳಾದವು. 1898ರಲ್ಲಿ ಜರ್ಮನಿಯ ಬೇಯರ್ ಕಂಪನಿ ಮಾರ್ಫಿನ್‌ನಿಂದ ತಯಾರಾದ ಹೊಸ ಪದಾರ್ಥವೊಂದನ್ನು ಕೆಮ್ಮಿನ ಔಷಧಿಯಾಗಿ ಮಾರುಕಟ್ಟೆಗೆ ತಂದಿತು. ಅದರ ಹೆಸರು ಹೆರಾಯಿನ್. 1913ರಲ್ಲಿ ಕಂಪನಿ ಅದರ ತಯಾರಿಕೆ ನಿಲ್ಲಿಸಿತು. ಅಷ್ಟರಲ್ಲಿ ಅದು ಬೀದಿಗೆ ಇಳಿದಾಗಿತ್ತು.

ಒಂದು ಚಟಕ್ಕೆ ಇನ್ನೊಂದು ಪದಾರ್ಥವನ್ನು ಮದ್ದೆಂದು ಕೊಡುವ ಈ ತಪ್ಪು ಮತ್ತೆ ಮತ್ತೆ ನಡೆದದ್ದು, ಚಟ ದೇಹದ ಯಾವ ಭಾಗದಲ್ಲಿ ಕೂರುತ್ತದೆ ಎಂಬುದೇ ಯಾರಿಗೂ ತಿಳಿದಿರಲಿಲ್ಲವಾದ್ದರಿಂದ.

ಇಲಿ ಒತ್ತಿದ ಸನ್ನೆ

ತಿಳಿದದ್ದು ಆಕಸ್ಮಿಕವಾಗಿ. 1954ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಇಲಿಗಳ ಮಿದುಳಿಗೆ ಸಣ್ಣ ತಂತಿ ಇಟ್ಟು ಅತಿ ಕಡಿಮೆ ವಿದ್ಯುತ್ ಹರಿಸುವ ಪ್ರಯೋಗ ಮಾಡುತ್ತಿದ್ದರು. ಒಂದು ಇಲಿಯಲ್ಲಿ ತಂತಿ ಉದ್ದೇಶಿಸಿದ ಜಾಗ ತಪ್ಪಿ ಬೇರೆಡೆ ಕೂತಿತ್ತು. ಆ ಇಲಿ ತನಗೆ ವಿದ್ಯುತ್ ತಗುಲಿದ ಮೂಲೆಗೇ ಮತ್ತೆ ಮತ್ತೆ ಹೋಗತೊಡಗಿತು. ಇಲಿಯೇ ಒತ್ತಿಕೊಳ್ಳುವಂತೆ ಒಂದು ಸನ್ನೆಯನ್ನು ಇಟ್ಟರು. ಮುಂದಿನ ಪ್ರಯೋಗಗಳಲ್ಲಿ ಕೆಲವು ಇಲಿಗಳು ಗಂಟೆಗೆ ಸಾವಿರಾರು ಸಲ ಅದನ್ನು ಒತ್ತಿದವು. ಅನ್ನ ಬಿಟ್ಟು ಒತ್ತಿದವು. ಕಾಲಿಗೆ ಶಾಕ್ ಹೊಡೆಯುವ ಜಾಲರಿಯನ್ನು ದಾಟಿ ಹೋಗಿ ಒತ್ತಿದವು.

ಇಲಿಗೆ ಪಾಪವಿಲ್ಲ, ವಿಧಿಯಿಲ್ಲ, ಕೆಟ್ಟ ಸಹವಾಸವಿಲ್ಲ. ಆದರೂ ಅದು ಅಕ್ಷಸೂಕ್ತದ ಜೂಜುಗಾರನಂತೆಯೇ ನಡೆದುಕೊಂಡಿತು. ಮಿದುಳಿನೊಳಗೆ "ಇದನ್ನು ಮತ್ತೆ ಮಾಡು" ಎಂದು ಹೇಳುವ ಒಂದು ವ್ಯವಸ್ಥೆ ಇದೆ ಎಂಬುದು ಹೀಗೆ ಗೊತ್ತಾಯಿತು.

ಆ ವ್ಯವಸ್ಥೆಯ ಮುಖ್ಯ ರಾಸಾಯನಿಕ ಡೋಪಮೈನ್. ಅದರ ಮಹತ್ವವನ್ನು 1957ರ ಸುಮಾರಿಗೆ ತೋರಿಸಿಕೊಟ್ಟವರು ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್. ಇದರಲ್ಲಿ ನಮ್ಮ ನಾಡಿನ ಒಂದು ಗಿಡದ ಪಾತ್ರವಿದೆ. ಸರ್ಪಗಂಧದ ಬೇರಿನಿಂದ ತೆಗೆದ ರೆಸರ್ಪಿನ್ ಅನ್ನು ಕಾರ್ಲ್‌ಸನ್ ಮೊಲಗಳಿಗೆ ಕೊಟ್ಟರು. ಮೊಲಗಳು ಅಲ್ಲಾಡದೆ ಕೂತುಬಿಟ್ಟವು. ಡೋಪಮೈನ್ ತಯಾರಾಗಲು ಬೇಕಾದ ಎಲ್-ಡೋಪಾ ಕೊಟ್ಟಾಗ ಮತ್ತೆ ಓಡಾಡಿದವು. ಪಾರ್ಕಿನ್ಸನ್ ಕಾಯಿಲೆಯ ಚಿಕಿತ್ಸೆಗೂ ಇದೇ ದಾರಿಯಾಯಿತು. 2000ರಲ್ಲಿ ಕಾರ್ಲ್‌ಸನ್ ಅವರಿಗೆ ನೊಬೆಲ್ ಪ್ರಶಸ್ತಿ ಬಂತು.

ಬೀಗ ಮತ್ತು ಕೀಲಿಕೈ

ಅಫೀಮು ಮಿದುಳಿನಲ್ಲಿ ಎಲ್ಲಿ ಅಂಟುತ್ತದೆ? 1973ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ಕ್ಯಾಂಡೇಸ್ ಪರ್ಟ್ ಮತ್ತು ಸಾಲೊಮನ್ ಸ್ನೈಡರ್, ನರಕೋಶಗಳ ಮೇಲೆ ಅಫೀಮಿನ ಕೀಲಿಕೈ ಕೂರುವ ಬೀಗಗಳಿವೆ ಎಂದು ತೋರಿಸಿದರು. ಹಾಗಾದರೆ ಗಸಗಸೆ ಗಿಡಕ್ಕಾಗಿ ನಮ್ಮ ಮಿದುಳು ಬೀಗ ಇಟ್ಟುಕೊಂಡಿದೆಯೇ? ಇರಲಾರದು. 1975ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಜಾನ್ ಹ್ಯೂಸ್ ಮತ್ತು ಹಾನ್ಸ್ ಕಾಸ್ಟರ್‌ಲಿಟ್ಜ್ ಹಂದಿಯ ಮಿದುಳಿನಿಂದ ನಿಜವಾದ ಕೀಲಿಕೈಯನ್ನು ಹುಡುಕಿ ತೆಗೆದರು. ನೋವು ತಗ್ಗಿಸಲು ಮಿದುಳು ತಾನೇ ತಯಾರಿಸಿಕೊಳ್ಳುವ ಎನ್‌ಕೆಫಲಿನ್ ಎಂಬ ಪದಾರ್ಥ ಅದು. ಅಫೀಮು ಕಳ್ಳ ಕೀಲಿಕೈ ಅಷ್ಟೆ.

ಗಾಂಜಾದ ಕಥೆಯೂ ಹೀಗೆಯೇ. 1964ರಲ್ಲಿ ಇಸ್ರೇಲಿನ ರಾಫಾಯೆಲ್ ಮೆಶೂಲಂ ಮತ್ತು ಸಂಗಡಿಗರು ಅದರ ಅಮಲಿನ ಅಂಶವನ್ನು ಬೇರ್ಪಡಿಸಿದರು. ಅದಕ್ಕೂ ಮಿದುಳಿನಲ್ಲಿ ಬೀಗವಿದೆ ಎಂಬುದು ಬಳಿಕ ತಿಳಿಯಿತು. 1992ರಲ್ಲಿ ಆ ಬೀಗಕ್ಕೆ ಮಿದುಳೇ ಮಾಡಿಕೊಂಡ ಕೀಲಿಕೈ ಸಿಕ್ಕಿದಾಗ ಅದಕ್ಕೆ ಅನಾಂಡಮೈಡ್ ಎಂದು ಹೆಸರಿಟ್ಟರು. ನಮ್ಮ 'ಆನಂದ' ಎಂಬ ಶಬ್ದವೇ ಅದರಲ್ಲಿರುವುದು.

ಒಂದೊಂದು ಪದಾರ್ಥ ಒಂದೊಂದು ಬಾಗಿಲಿನಿಂದ ಒಳಗೆ ಹೋಗುತ್ತದೆ. ಬೀಡಿ, ಸಿಗರೇಟು, ಗುಟ್ಕಾಗಳ ನಿಕೋಟಿನ್ ಅಸಿಟೈಲ್‌ಕೋಲಿನ್‌ನ ಬೀಗಕ್ಕೆ ಕೂರುತ್ತದೆ. ಹೊಗೆಯಾಗಿ ಎಳೆದರೆ ಕೆಲವೇ ಸೆಕೆಂಡುಗಳಲ್ಲಿ ಮಿದುಳು ಮುಟ್ಟುತ್ತದೆ. ಕೊಕೇನ್ ಡೋಪಮೈನನ್ನು ವಾಪಸು ಹೀರಿಕೊಳ್ಳುವ ಪಂಪನ್ನು ಕಟ್ಟಿಹಾಕುತ್ತದೆ. ಅಫೀಮು ಜಾತಿಯವು ಡೋಪಮೈನ್ ಕೋಶಗಳ ಬ್ರೇಕನ್ನು ಸಡಿಲಿಸುತ್ತವೆ. ಮದ್ಯ ಮಿದುಳಿನ ಬ್ರೇಕನ್ನು ಗಟ್ಟಿ ಮಾಡಿ ಆಕ್ಸಿಲರೇಟರನ್ನು ತಗ್ಗಿಸುತ್ತದೆ, ಜೊತೆಗೆ ಡೋಪಮೈನನ್ನೂ ಏರಿಸುತ್ತದೆ. ಬಾಗಿಲು ಬೇರೆಯಾದರೂ ಎಲ್ಲವೂ ಕೊನೆಗೆ ತಲುಪುವುದು ಓಲ್ಡ್ಸ್‌ನ ಇಲಿ ಒತ್ತಿದ ಆ ವ್ಯವಸ್ಥೆಯನ್ನೇ.

ಲೆಕ್ಕ ತಪ್ಪುವ ಬಗೆ

ಇಲ್ಲಿಂದ ಮುಂದಿನದು ನನ್ನ ಕಸುಬಿಗೆ ಹತ್ತಿರವಾದ ಭಾಗ. ಡೋಪಮೈನ್ ಎಂದರೆ ಸುಖದ ರಾಸಾಯನಿಕ ಎಂದು ಬಹಳ ಕಡೆ ಬರೆದಿರುತ್ತಾರೆ. ಅದು ಪೂರ್ತಿ ಸರಿಯಲ್ಲ. ವುಲ್ಫ್ರಾಂ ಶುಲ್ಟ್ಜ್ ಎಂಬ ವಿಜ್ಞಾನಿ ಕೋತಿಗಳ ಡೋಪಮೈನ್ ಕೋಶಗಳನ್ನು ಗಮನಿಸಿದರು. ಅನಿರೀಕ್ಷಿತವಾಗಿ ಹಣ್ಣಿನ ರಸ ಕೊಟ್ಟರೆ ಕೋಶಗಳು ಮಿಡಿಯುತ್ತಿದ್ದವು. ದೀಪ ಹತ್ತಿದ ಮೇಲೆ ರಸ ಬರುತ್ತದೆ ಎಂದು ಕೋತಿ ಕಲಿತ ನಂತರ, ಕೋಶಗಳು ದೀಪಕ್ಕೆ ಮಿಡಿದವು, ರಸಕ್ಕೆ ಮಿಡಿಯಲಿಲ್ಲ. ದೀಪ ಹತ್ತಿಯೂ ರಸ ಬರದಿದ್ದರೆ ಮಿಡಿತ ಕುಗ್ಗಿತು. ಅಂದರೆ ಡೋಪಮೈನ್ ಹೇಳುವುದು ಸುಖವನ್ನಲ್ಲ. ಸಿಕ್ಕಿದ್ದಕ್ಕೂ ನಿರೀಕ್ಷಿಸಿದ್ದಕ್ಕೂ ಇರುವ ವ್ಯತ್ಯಾಸವನ್ನು. ಹತ್ತು ರೂಪಾಯಿ ಬರುತ್ತದೆಂದು ಕಾದು ಹತ್ತೇ ಬಂದರೆ ವ್ಯತ್ಯಾಸ ಸೊನ್ನೆ, ಕಲಿಯಲು ಹೊಸದೇನೂ ಇಲ್ಲ. ಇಪ್ಪತ್ತು ಬಂದರೆ ಮಿದುಳು ಅದನ್ನು ಬರೆದಿಟ್ಟುಕೊಳ್ಳುತ್ತದೆ.

ಆಶ್ಚರ್ಯವೆಂದರೆ ಇದೇ ಲೆಕ್ಕವನ್ನು ಕಂಪ್ಯೂಟರಿಗೆ ಕಲಿಸಲು ರಿಚರ್ಡ್ ಸಟನ್ ಮತ್ತು ಆಂಡ್ರ್ಯೂ ಬಾರ್ಟೊ ಮೊದಲೇ ಬರೆದಿದ್ದರು. 1997ರಲ್ಲಿ ಶುಲ್ಟ್ಜ್, ಪೀಟರ್ ದಯಾನ್, ರೀಡ್ ಮಾಂಟೆಗ್ಯೂ ಎರಡನ್ನೂ ಜೋಡಿಸಿ ಪ್ರಬಂಧ ಪ್ರಕಟಿಸಿದರು. ಸಟನ್ ಮತ್ತು ಬಾರ್ಟೊ ಅವರಿಗೆ 2024ರ ಟ್ಯೂರಿಂಗ್ ಪ್ರಶಸ್ತಿ ಸಂದಿತು.

ಈಗ ಅಮಲು ಪದಾರ್ಥ ಏನು ಮಾಡುತ್ತದೆ ನೋಡಿ. ಅನ್ನ, ಆಟ, ಹೊಗಳಿಕೆ ಇವೆಲ್ಲ ಅಭ್ಯಾಸವಾದಂತೆ ವ್ಯತ್ಯಾಸ ಸೊನ್ನೆಗೆ ಬರುತ್ತದೆ. ಅಮಲು ಪದಾರ್ಥ ರಾಸಾಯನಿಕವಾಗಿಯೇ ಡೋಪಮೈನನ್ನು ಏರಿಸುವುದರಿಂದ, ಪ್ರತಿ ಸಲವೂ "ಎಣಿಸಿದ್ದಕ್ಕಿಂತ ಹೆಚ್ಚು ಸಿಕ್ಕಿತು" ಎಂಬ ಸುಳ್ಳು ಲೆಕ್ಕ ದಾಖಲಾಗುತ್ತದೆ. ಡೇವಿಡ್ ರೆಡಿಷ್ 2004ರಲ್ಲಿ ಚಟವನ್ನು ಹೀಗೆ ಕೆಟ್ಟುಹೋದ ಲೆಕ್ಕವೆಂದು ವಿವರಿಸಿದರು. ಪ್ರೋಗ್ರಾಂ ತಾನು ಬರೆದಂತೆಯೇ ಓಡುತ್ತಿದೆ, ಆದರೆ ಅದಕ್ಕೆ ಬರುತ್ತಿರುವ ಅಂಕಿ ಸುಳ್ಳು. ದಾಳದ ಗುಟ್ಟೂ ಇದರ ಹತ್ತಿರವೇ ಇದೆ. ಮುಂದಿನ ಸಲ ಏನು ಬೀಳುತ್ತದೆ ಎಂದು ಗೊತ್ತೇ ಆಗದ ಆಟದಲ್ಲಿ ವ್ಯತ್ಯಾಸ ಎಂದೂ ಸೊನ್ನೆಯಾಗುವುದಿಲ್ಲ. ಮೊಬೈಲಿನ ರಮ್ಮಿಯೂ ಬೆರಳಿನಿಂದ ತಳ್ಳಿದಷ್ಟೂ ಮುಗಿಯದ ವಿಡಿಯೋಗಳೂ ಇದೇ ಬಾಗಿಲು ತಟ್ಟುತ್ತವೆ. ಅವು ಹೆರಾಯಿನ್‌ಗೆ ಸಮವಲ್ಲ, ಆದರೆ ಬಾಗಿಲು ಅದೇ.

ಕಾಲಕ್ರಮದಲ್ಲಿ ಮಿದುಳು ತನ್ನನ್ನು ಕಾಪಾಡಿಕೊಳ್ಳಲು ಡೋಪಮೈನಿನ ಬೀಗಗಳನ್ನು ಕಡಿಮೆ ಮಾಡಿಕೊಳ್ಳುತ್ತದೆ. ನೋರಾ ವೋಲ್ಕೋವ್ ಮತ್ತು ಸಂಗಡಿಗರು ಚಟಕ್ಕೆ ಬಿದ್ದವರ ಮಿದುಳಿನ ಸ್ಕ್ಯಾನ್‌ಗಳಲ್ಲಿ ಇದನ್ನು ತೋರಿಸಿದ್ದಾರೆ. ಆಗ ಮಕ್ಕಳ ನಗು, ಹಬ್ಬದೂಟ ಯಾವುದೂ ರುಚಿಸುವುದಿಲ್ಲ. ಮಿಚಿಗನ್ನಿನ ಕೆಂಟ್ ಬೆರಿಜ್ ಇನ್ನೊಂದು ಮಾತು ಸೇರಿಸಿದರು: ಮಿದುಳಿನಲ್ಲಿ 'ಬೇಕು' ಎನ್ನುವುದೂ 'ಹಿತವಾಗಿದೆ' ಎನ್ನುವುದೂ ಬೇರೆ ಬೇರೆ. ಚಟದಲ್ಲಿ ಹಿತ ಕಡಿಮೆಯಾಗುತ್ತಾ ಹೋಗುತ್ತದೆ, ಬೇಕು ಮಾತ್ರ ಬೆಳೆಯುತ್ತದೆ. "ಕುಡಿದರೆ ಏನೂ ಖುಷಿ ಇಲ್ಲ, ಆದರೂ ಬಿಡೋಕಾಗ್ತಿಲ್ಲ" ಎಂದು ಕಣ್ಣೀರು ಹಾಕುವವನು ನಾಟಕ ಮಾಡುತ್ತಿಲ್ಲ. ಹಣೆಯ ಹಿಂದಿರುವ, 'ಬೇಡ' ಎಂದು ತಡೆಯುವ ಮಿದುಳಿನ ಭಾಗವೂ ಆ ಹೊತ್ತಿಗೆ ದುರ್ಬಲವಾಗಿರುತ್ತದೆ. ಆ ಭಾಗ ಪೂರ್ತಿ ಬೆಳೆಯುವುದೇ ಇಪ್ಪತ್ತೈದರ ಆಸುಪಾಸಿನಲ್ಲಿ. ಹೈಸ್ಕೂಲಿನಲ್ಲಿ ಆರಂಭವಾದ ಚಟ ಹೆಚ್ಚು ಅಪಾಯಕಾರಿ ಎನ್ನುವುದಕ್ಕೆ ಇದೊಂದು ಕಾರಣ.

ವಿಯೆಟ್ನಾಂನಿಂದ ಮರಳಿದವರು

ಮಿದುಳು ಬದಲಾದ ಮೇಲೆ ಮನುಷ್ಯ ಮುಗಿದಂತೆಯೇ? ಇಲ್ಲ ಎನ್ನುತ್ತದೆ ಚರಿತ್ರೆ. 1971ರಲ್ಲಿ ವಿಯೆಟ್ನಾಂ ಯುದ್ಧದಲ್ಲಿದ್ದ ಅಮೆರಿಕದ ಸೈನಿಕರಲ್ಲಿ ಹೆರಾಯಿನ್ ಹಬ್ಬಿದೆ ಎಂಬ ಸುದ್ದಿ ಅಲ್ಲಿನ ಸರ್ಕಾರವನ್ನು ಗಾಬರಿಗೊಳಿಸಿತು. ಲೀ ರಾಬಿನ್ಸ್ ಎಂಬ ಸಂಶೋಧಕಿ ಮರಳಿ ಬಂದ ಸೈನಿಕರನ್ನು ಹುಡುಕಿ ಮಾತನಾಡಿಸಿದರು. ಸುಮಾರು ಐದರಲ್ಲಿ ಒಬ್ಬ ಅಲ್ಲಿದ್ದಾಗ ಚಟಕ್ಕೆ ಬಿದ್ದಿದ್ದ. ಆದರೆ ಹಾಗೆ ಬಿದ್ದವರಲ್ಲಿ ಮೂರು ವರ್ಷದೊಳಗೆ ಮತ್ತೆ ಚಟಕ್ಕೆ ಮರಳಿದವರು ಶೇ. 12 ಮಾತ್ರ. ಮೊದಮೊದಲು ಇದನ್ನು ನಂಬಲು ಎಷ್ಟೋ ಮಂದಿ ಸಿದ್ಧರಿರಲಿಲ್ಲ.

ಸೈನಿಕರು ಯುದ್ಧಭೂಮಿ, ಭಯ, ಸುಲಭವಾಗಿ ಸಿಗುತ್ತಿದ್ದ ಹೆರಾಯಿನ್ ಎಲ್ಲವನ್ನೂ ಬಿಟ್ಟು ಸಮುದ್ರ ದಾಟಿ ಮನೆಗೆ ಬಂದಿದ್ದರು. ಶುಲ್ಟ್ಜ್‌ನ ಕೋತಿಗೆ ಹತ್ತುತ್ತಿದ್ದ ದೀಪ ಅವರಿಗೆ ಮನೆಯಲ್ಲಿ ಹತ್ತಲಿಲ್ಲ. ನಮ್ಮ ಊರಿನವನ ಸ್ಥಿತಿ ಬೇರೆ. ಮದ್ಯವರ್ಜನ ಶಿಬಿರ ಮುಗಿಸಿ ಬಂದವನು ಅದೇ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುತ್ತಾನೆ, ಅದೇ ಅಂಗಡಿಯ ಮುಂದೆ ನಡೆಯುತ್ತಾನೆ, ಸಂಜೆ ಅದೇ ಗೆಳೆಯರು ಕರೆಯುತ್ತಾರೆ. ಅವನು ಮತ್ತೆ ಬಿದ್ದರೆ ಮನಸ್ಸು ಗಟ್ಟಿ ಇಲ್ಲ ಎನ್ನುತ್ತೇವೆ. ಸುತ್ತ ಹತ್ತಿಟ್ಟ ದೀಪಗಳನ್ನು ನೋಡುವುದಿಲ್ಲ.

ನಮ್ಮ ನಾಡಿನಲ್ಲಿ

ನಾನು ಪಿಯುಸಿಯಲ್ಲಿದ್ದಾಗ, 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಅದರ ಹಿಂದೆ ಹಳ್ಳಿಯ ಹೆಣ್ಣುಮಕ್ಕಳ ಹಲವು ವರ್ಷಗಳ ಹೋರಾಟವಿತ್ತು. ಪ್ಯಾಕೆಟ್ ಸಾರಾಯಿ ಹೋಯಿತು, ಕುಡಿತ ಹೋಗಲಿಲ್ಲ. ಕೇಂದ್ರ ಸರ್ಕಾರ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ. ಅದರಿಂದ ತೊಂದರೆಗೊಳಗಾಗಿ ನೆರವು ಬೇಕಾದವರು ಐದೂವರೆ ಕೋಟಿಗೂ ಹೆಚ್ಚು. ಇವರಲ್ಲಿ ಚಿಕಿತ್ಸೆ ಸಿಗುವವರು ಬಹಳ ಕಡಿಮೆ.

ಕೊನೆಯದಾಗಿ ನಾಲ್ಕು ಮಾತು, ಮನೆಯಲ್ಲಿ ಯಾರಾದರೂ ಈ ಕಷ್ಟದಲ್ಲಿದ್ದರೆ ನೆನಪಿಟ್ಟುಕೊಳ್ಳುವುದಕ್ಕೆ.

ಒಂದು, ದಿನವೂ ಹೆಚ್ಚು ಕುಡಿಯುವವರನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸಲು ಹೋಗಬೇಡಿ. ಮದ್ಯದ ಬ್ರೇಕಿಗೆ ಒಗ್ಗಿಹೋದ ಮಿದುಳು ಅದು ತಪ್ಪಿದೊಡನೆ ಹದ್ದುಮೀರಿ ಕೆರಳುತ್ತದೆ. ಕೈ ನಡುಕ, ಫಿಟ್ಸ್, ಭ್ರಮೆ ಬರಬಹುದು, ಜೀವವೂ ಹೋಗಬಹುದು. ಬಿಡಿಸುವುದು ವೈದ್ಯರ ಕಣ್ಣೆದುರು ಆಗಬೇಕು.

ಎರಡು, ಗೊತ್ತಾಗದಂತೆ ಊಟದಲ್ಲಿ ಬೆರೆಸುವ ಕುಡಿತ ಬಿಡಿಸುವ ಪುಡಿಗಳ ಗೋಡೆ ಜಾಹೀರಾತು ನಂಬಬೇಡಿ. ಡೈಸಲ್ಫಿರಾಂ ಎಂಬ ನಿಜವಾದ ಔಷಧಿ ಇದೆ, ಆದರೆ ಅದನ್ನು ತೆಗೆದುಕೊಂಡವರು ಕುಡಿದರೆ ಮೈಗೆ ತೀವ್ರ ತೊಂದರೆಯಾಗುತ್ತದೆ. ರೋಗಿಗೆ ತಿಳಿಸದೆ ಕೊಡುವುದು ಅಪಾಯ.

ಮೂರು, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಕೇಂದ್ರವಿದೆ. ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ವಿಚಾರಿಸಬಹುದು. ವ್ಯಸನಮುಕ್ತಿ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಟೆಲಿ-ಮನಸ್ 14416, ಎರಡೂ ಉಚಿತ.

ನಾಲ್ಕು, ಒಮ್ಮೆ ಬಿಟ್ಟವರು ಮತ್ತೆ ಆರಂಭಿಸಿದರೆ ಬಾಗಿಲು ಮುಚ್ಚಬೇಡಿ. ಸಕ್ಕರೆ ಕಾಯಿಲೆ ಮತ್ತೆ ಏರಿದಾಗ ನಾವು ಬೈಯುವುದಿಲ್ಲ, ಮತ್ತೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇವೆ. ಇಲ್ಲಿಯೂ ಹಾಗೆಯೇ ಮಾಡಬೇಕು.

ಈಗ ಈ ಶಾಲೆಯ ಬೆಂಚುಗಳಲ್ಲಿ ಕೂತಿರುವ ತಮ್ಮ ತಂಗಿಯರಿಗೆ ಹೇಳುವುದಿಷ್ಟು. "ಒಂದು ಸಲ ನೋಡು, ಏನಾಗಲ್ಲ" ಎಂದು ಯಾರಾದರೂ ಗುಟ್ಕಾ ಪೊಟ್ಟಣವನ್ನೋ ಬಿಯರ್ ಬಾಟಲಿಯನ್ನೋ ಮುಂದೆ ಹಿಡಿದರೆ, ಅದರ ಹಿಂದೆ ಇನ್ನೂರೈವತ್ತು ವರ್ಷಗಳ ವ್ಯಾಪಾರವಿದೆ ಎಂಬುದು ನೆನಪಿರಲಿ. ಆ ವ್ಯಾಪಾರಕ್ಕೆ ಬೇಕಾಗಿರುವುದು ಇನ್ನೂ ಬೆಳೆಯುತ್ತಿರುವ ನಿಮ್ಮ ಮಿದುಳು. ಬೇಡ ಎನ್ನಲು ಅತಿ ಸುಲಭವಾದ ಸಲ ಮೊದಲನೆಯ ಸಲ. ಮನೆಯಲ್ಲಿ ಅಪ್ಪನೋ ಅಣ್ಣನೋ ಕುಡಿಯುತ್ತಿದ್ದರೆ ಅದು ನಿಮ್ಮ ತಪ್ಪಲ್ಲ, ಅದನ್ನು ಬಚ್ಚಿಟ್ಟುಕೊಂಡು ಒಬ್ಬರೇ ಅಳಬೇಕಾಗಿಯೂ ಇಲ್ಲ. ನಿಮಗೆ ನಂಬಿಕೆಯಿರುವ ಒಬ್ಬ ಮೇಷ್ಟ್ರಿಗೋ ಟೀಚರಿಗೋ ಹೇಳಿ. ಐವತ್ತು ವರ್ಷಗಳಿಂದ ಈ ಶಾಲೆ ಮಕ್ಕಳ ಮಾತು ಕೇಳಿಸಿಕೊಂಡು ಬಂದಿದೆ.